ಅದೇ ಹತ್ತೊಂಬತ್ತು ಜೊತೆ

ಗಾಜಿನ ತಟ್ಟೆಯಲ್ಲಿ ಅರ್ಧ ಬೆರಳು ಆಳದ ಸಮುದ್ರದ ನೀರು. ತಳದಲ್ಲಿ ಒಂದು ಪ್ರಾಣಿ ಮಗ್ಗುಲಾಗಿ ಬಿದ್ದುಕೊಂಡಿದೆ. ಸತ್ತಿಲ್ಲ, ಸುಸ್ತೂ ಆಗಿಲ್ಲ. ಎರಡೂ ಪಕ್ಕದಿಂದ ಒತ್ತಿ ತೆಳ್ಳಗೆ ಮಾಡಿದಂಥ ಮೈ. ಬಯಲಿನಲ್ಲಿ ಬಿಟ್ಟರೆ ನೆಟ್ಟಗೆ ನಿಲ್ಲಲಾರದೆ ಪಕ್ಕಕ್ಕೆ ಒರಗುತ್ತದೆ. ಒಂದು ಚೂರು ಪಾಚಿಯನ್ನೋ ಕೊಳೆತ ಎಲೆಯನ್ನೋ ಹಾಕಿದರೆ ಸಾಕು, ಅದರ ಅಂಚನ್ನು ತಬ್ಬಿಕೊಂಡು ಸರಿಯಾಗಿ ಕೂರುತ್ತದೆ. ಉದ್ದ ಹೆಚ್ಚೆಂದರೆ ಒಂದು ಸೆಂಟಿಮೀಟರು. ಹಸಿರು ಬೆರೆತ ಕಂದು ಬಣ್ಣ, ಕಾಲುಗಳ ಮೇಲೆ ಅಲ್ಲಲ್ಲಿ ಮಾಸಲು ಪಟ್ಟೆ. ಬೆನ್ನು ಕಮಾನಾಗಿ ಬಾಗಿ, ಬಾಲದ ತುದಿ ಹೊಟ್ಟೆಯ ಕಡೆಗೆ ತಿರುಗಿದೆ. ಮಿಕ್ಕ ಕಾಲುಗಳೆಲ್ಲ ಸುಮ್ಮನಿದ್ದರೂ ಹೊಟ್ಟೆಯ ಅಡಿಯ ಮೂರು ಜೊತೆ ಮಾತ್ರ ನೀರನ್ನು ಬಡಿಯುತ್ತಲೇ ಇವೆ. ತಟ್ಟೆಯ ಅಂಚನ್ನು ಉಗುರಿನಿಂದ ಕುಟ್ಟಿ ನೋಡಿ. ಮಡಚಿದ್ದ ಬಾಲ ಫಟ್ಟನೆ ಬಿಚ್ಚಿಕೊಳ್ಳುತ್ತದೆ, ಪ್ರಾಣಿ ತಟ್ಟೆಯ ಆಚೆ ಬದಿಗೆ ಹೋಗಿ ಬೀಳುತ್ತದೆ. ಕಣ್ಣಿಗೆ ಸಿಕ್ಕುವುದು ಹೊರಟ ಜಾಗ ಮತ್ತು ಬಿದ್ದ ಜಾಗ, ನಡುವಿನದು ಸಿಕ್ಕುವುದಿಲ್ಲ.

ಹೆಸರು ಪಾರ್ಹಯೇಲ್ ಹವಾಯೆನ್ಸಿಸ್. ಸೀಗಡಿ, ಏಡಿಗಳನ್ನೊಳಗೊಂಡ ಕ್ರಸ್ಟೇಷಿಯನ್ ಬಳಗದಲ್ಲಿ ಆಂಫಿಪಾಡ್ ಎಂಬ ಗಣಕ್ಕೆ ಸೇರಿದ್ದು. ಈ ಗಣದ ಪ್ರಭೇದಗಳು ಹತ್ತು ಸಾವಿರವನ್ನು ದಾಟುತ್ತವೆ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳದಲ್ಲಿ ಇವೆ, ಗುಹೆಯ ಕತ್ತಲೆ ನೀರಿನಲ್ಲಿ ಇವೆ, ತಿಮಿಂಗಿಲದ ಚರ್ಮಕ್ಕೆ ಹೇನಿನಂತೆ ಅಂಟಿಕೊಂಡಿರುವವೂ ಇವೆ, ನೀರಿನ ಸಹವಾಸ ಬಿಟ್ಟು ಕಾಡಿನ ಒದ್ದೆ ತರಗೆಲೆಯಲ್ಲಿ ಸಂಸಾರ ಹೂಡಿದವೂ ಇವೆ. ಪಾರ್ಹಯೇಲ್ ಉಷ್ಣವಲಯದ ಕಡಲಂಚಿನದು. ಉಬ್ಬರ ಬಂದಾಗ ಮುಳುಗಿ, ಇಳಿತದಲ್ಲಿ ಹೊರಬೀಳುವ ಪಟ್ಟಿಯಲ್ಲಿ ಅದರ ವಾಸ. ಮಳೆ ಸುರಿದು ನೀರು ಸಪ್ಪೆಯಾದರೂ, ಬಿಸಿಲಿಗೆ ಆವಿಯಾಗಿ ಉಪ್ಪು ಏರಿದರೂ ಅದು ತಡೆದುಕೊಳ್ಳುತ್ತದೆ. ಕಾಂಡ್ಲಾ ಕಾಡಿನಲ್ಲಿ ಉದುರಿ ಕೊಳೆಯುವ ಎಲೆರಾಶಿಗೆ ಗುಂಪುಗುಂಪಾಗಿ ಮುತ್ತುತ್ತದೆ; ಚದರ ಮೀಟರಿಗೆ 3,000ಕ್ಕೂ ಹೆಚ್ಚು ಸಿಕ್ಕಿದ ದಾಖಲೆ ಇದೆ.

ಇಷ್ಟು ಸಾಮಾನ್ಯವಾದ, ತಿನ್ನಲೂ ಬಾರದ, ನೋಡಲೂ ಅಂಥ ಚೆಲುವಲ್ಲದ ಪ್ರಾಣಿಯ ಮೈಯನ್ನು ಬಿಡಿಬಿಡಿಯಾಗಿ ನೋಡುವುದು ಏಕೆ? ನಮ್ಮಲ್ಲಿ ಬಿ.ಎಸ್‌ಸಿ. ಪ್ರಾಣಿಶಾಸ್ತ್ರ ಓದಿದವರಿಗೆ ಒಂದು ಪ್ರಾಕ್ಟಿಕಲ್ ನೆನಪಿರಬೇಕು. ಸೀಗಡಿಯ ಕಾಲು, ಮೀಸೆ, ದವಡೆಗಳನ್ನು ಬುಡಸಮೇತ ಕಿತ್ತು, ಹಾಳೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಹೆಸರು ಬರೆಯಬೇಕಿತ್ತು. ಒಟ್ಟು 19 ಜೊತೆ. ತಲೆಗೆ ಐದು, ಎದೆಗೆ ಎಂಟು, ಹೊಟ್ಟೆಗೆ ಆರು. ತುಂಡಾದರೆ ಅಂಕ ಕಡಿತ, ಹೆಸರು ತಪ್ಪಿದರೆ ಇನ್ನಷ್ಟು ಕಡಿತ. ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆಯುವುದು ವಾಡಿಕೆಯಾಗಿತ್ತು. ಆ ಲೆಕ್ಕದ ನಿಜವಾದ ಸ್ವಾರಸ್ಯ ಏನೆಂಬುದು ಒಂಟಿ ಸೀಗಡಿಯಲ್ಲಿ ತಿಳಿಯುವುದಿಲ್ಲ. ಪಕ್ಕದಲ್ಲಿ ಪಾರ್ಹಯೇಲನ್ನು ಇಟ್ಟು ಎಣಿಸಬೇಕು. ಇದರದ್ದೂ 19 ಜೊತೆಯೇ. ತಲೆಗೆ ಐದು, ಎದೆಗೆ ಎಂಟು, ಹೊಟ್ಟೆಗೆ ಆರು. ಬಂಡವಾಳ ಒಂದೇ, ಹೂಡಿದ ರೀತಿ ಬೇರೆ.

ಈ ಪ್ರಾಣಿಯನ್ನು ಶಾಸ್ತ್ರಕ್ಕೆ ಪರಿಚಯಿಸಿದವನು ಅಮೆರಿಕದ ಜೇಮ್ಸ್ ಡ್ವೈಟ್ ಡಾನಾ. 1838ರಿಂದ 1842ರವರೆಗೆ ಭೂಮಿ ಸುತ್ತಿದ ಅಮೆರಿಕ ಸರ್ಕಾರದ ಸಾಹಸಯಾತ್ರೆಯಲ್ಲಿ ಅವನು ಭೂವಿಜ್ಞಾನಿಯಾಗಿ ಹಡಗು ಹತ್ತಿದ್ದ. ಕಲ್ಲು ನೋಡಲು ಹೋದವನ ತಲೆಗೆ ಏಡಿ, ಸೀಗಡಿಗಳ ಕೆಲಸವೂ ಬಿತ್ತು. ಬೇಸರಪಡದೆ ಅವುಗಳ ಮೇಲೆ ಬೃಹತ್ ಸಂಪುಟವನ್ನೇ ಬರೆದ. ಹವಾಯಿ ದ್ವೀಪಗಳಲ್ಲಿ ಸಿಕ್ಕ ಈ ಸಣ್ಣದನ್ನು 1853ರಲ್ಲಿ ವರ್ಣಿಸಿ, ಪ್ರಭೇದದ ಹೆಸರಿನಲ್ಲಿ ಹವಾಯಿಯನ್ನು ಸೇರಿಸಿದ. ನೂರಾರು ಜಾತಿಗಳ ಕಾಲುಗಳನ್ನು ನೋಡಿ ನೋಡಿ ಡಾನಾನ ತಲೆಯಲ್ಲಿ ಒಂದು ವಿಚಾರ ಬೇರೂರಿತು. ಕೆಲವು ಪ್ರಾಣಿಗಳಲ್ಲಿ ಎದೆಯ ಮುಂದಿನ ಕಾಲುಗಳು ನಡೆಯುವುದನ್ನು ಬಿಟ್ಟು ಬಾಯಿಯ ಚಾಕರಿಗೆ ಸೇರಿಕೊಳ್ಳುತ್ತವೆ, ಕೆಲವುಗಳಲ್ಲಿ ಒಂದು ಜೊತೆ, ಕೆಲವುಗಳಲ್ಲಿ ಮೂರು ಜೊತೆ. ತಲೆಯ ಸೇವೆಗೆ ಹೆಚ್ಚು ಕಾಲು ಸೇರಿದಷ್ಟೂ ಪ್ರಾಣಿ ಉತ್ತಮ ದರ್ಜೆಯದು ಎಂದು ಅವನು ವಾದಿಸಿದ. ನಡೆಯುವ ಕೆಲಸದಿಂದ ಮುಂಗಾಲುಗಳನ್ನು ಬಿಡಿಸಿಕೊಂಡ ಮನುಷ್ಯನನ್ನು ಏಣಿಯ ತುತ್ತತುದಿಗೂ ಏರಿಸಿದ. ಆ ದರ್ಜೆಯ ಮಾತನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಕಾಲು ಬಾಯಿಯಾಗುತ್ತದೆ ಎಂದು ಅವನು ಕಂಡದ್ದು ನಿಜ. ಅದಕ್ಕೆ ಕಾರಣ ಹುಡುಕಲು ಮುಂದಿನವರಿಗೆ ಒಂದೂವರೆ ಶತಮಾನ ಹಿಡಿಯಿತು.

ಸೂಕ್ಷ್ಮದರ್ಶಕದ ಕೆಳಗೆ ಮುಂದಿನಿಂದ ಹಿಂದಕ್ಕೆ ಹೋಗೋಣ.

ತಲೆಯ ಪಕ್ಕದಲ್ಲಿ ಕಪ್ಪು ಕಣ್ಣು. ಸೀಗಡಿಯ ಕಣ್ಣು ತೊಟ್ಟಿನ ಮೇಲೆ ಕೂತು ಅತ್ತಿತ್ತ ಹೊರಳುತ್ತದೆ. ಇದರದ್ದು ತಲೆಯ ಗೋಡೆಯಲ್ಲೇ ಹುದುಗಿದೆ, ಅಲುಗುವುದಿಲ್ಲ. ಸಂಯುಕ್ತ ಕಣ್ಣೇ ಹೌದು, ಆದರೆ ಬಡತನದ್ದು. ಮೊಟ್ಟೆಯಿಂದ ಹೊರಬರುವಾಗ ಎಂಟೊಂಬತ್ತು ಘಟಕ, ಬೆಳೆದಾಗ ಐವತ್ತರ ಆಸುಪಾಸು. ಮನೆನೊಣದ ಒಂದು ಕಣ್ಣಿನಲ್ಲಿ ಮೂರು ಸಾವಿರದಷ್ಟಿರುತ್ತವೆ. ಇಷ್ಟರಲ್ಲಿ ಪಾರ್ಹಯೇಲ್‌ಗೆ ಕಾಣುವುದು ಬೆಳಕು ಎತ್ತ, ನೆರಳು ಎತ್ತ, ಅಡಗುವ ಜಾಗ ಎತ್ತ ಎನ್ನುವ ಮಟ್ಟದ ಮಸುಕು ಚಿತ್ರ. ಎಲೆಯಡಿಯಲ್ಲಿ ಬದುಕುವವರಿಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಕಣ್ಣಿನ ಮುಂದೆ ಎರಡು ಜೊತೆ ಕುಡಿಮೀಸೆ, ಮೊದಲನೆಯದು ಗಿಡ್ಡ, ಎರಡನೆಯದು ಉದ್ದ. ಎರಡಕ್ಕೂ ಬುಡದಲ್ಲಿ ದಪ್ಪ ತುಂಡುಗಳು, ಮುಂದೆ ಚಾವಟಿಯಾಗಿ ಸಣ್ಣಗಾಗುವ ಹಲವು ಗೆಣ್ಣು. ಮೊದಲನೆಯದರ ಗೆಣ್ಣುಗಳಿಂದ ಹೊರಟ, ತೆಳು ಗೋಡೆಯ ಪಾರದರ್ಶಕ ಕೂದಲುಗಳು ವಾಸನೆ ಹಿಡಿಯುತ್ತವೆ. ಎರಡನೆಯದರ ಬುಡದಲ್ಲಿ ಒಂದು ಸಣ್ಣ ಮೊನೆ ಇದೆ, ಅದರ ಕೊನೆಯಲ್ಲಿ ತೂತು. ಮೂತ್ರ ಹೊರಹೋಗುವುದು ಅಲ್ಲಿಂದ. ವಿಸರ್ಜನೆಯ ಗ್ರಂಥಿ ಮೀಸೆಯ ಬುಡದಲ್ಲಿರುವುದು ನಮಗೆ ವಿಚಿತ್ರ, ಈ ಬಳಗದಲ್ಲಿ ಸಾಮಾನ್ಯ.

ಬಾಯಿಯೇ ಒಂದು ಕಾರ್ಯಾಗಾರ. ಮೇಲ್ದುಟಿ, ಕೆಳದುಟಿಗಳ ನಡುವೆ ಒಂದು ಜೊತೆ ದವಡೆ. ಮೇಲೆ ಕೆಳಗೆ ಆಡುವುದಿಲ್ಲ, ಎಡ ಬಲದಿಂದ ಬಂದು ಒಂದಕ್ಕೊಂದು ಕಚ್ಚುತ್ತವೆ. ದವಡೆಯ ತುದಿಯಲ್ಲಿ ಕತ್ತರಿಸುವ ಹಲ್ಲಿನ ಸಾಲು, ಅದಕ್ಕೆ ಅಂಟಿದಂತೆ ಅಲ್ಲಾಡುವ ಇನ್ನೊಂದು ಪುಟ್ಟ ಹಲ್ಲಿನ ಫಲಕ, ಆಮೇಲೆ ಬಿರುಸು ಕೂದಲು, ಒಳಗೆ ಅರೆಯುವ ದವಡೆಹಲ್ಲು. ಎಡದವಡೆಯ ಪುಟ್ಟ ಫಲಕಕ್ಕೂ ಬಲದವಡೆಯದಕ್ಕೂ ಆಕಾರದಲ್ಲಿ ವ್ಯತ್ಯಾಸವಿದೆ. ಒಂದರ ಸಂದಿಗೆ ಇನ್ನೊಂದು ಸರಿಯಾಗಿ ಕೂರಬೇಕಲ್ಲ. ದವಡೆಗಳ ಹಿಂದೆ ಎರಡು ಜೊತೆ ಚಪ್ಪಟೆ ಉಪದವಡೆಗಳು ತುಣುಕುಗಳನ್ನು ಒಳಗೆ ತಳ್ಳುತ್ತವೆ. ಇಲ್ಲಿಗೆ ತಲೆಯ ಐದು ಜೊತೆ ಮುಗಿಯಿತು.

ತಿಂದದ್ದು ಎಲೆ, ಅಂದರೆ ಹೆಚ್ಚುಪಾಲು ಮರದ ನಾರು. ಗೆದ್ದಲು, ಹಸುಗಳ ಹಾಗೆ ಇದನ್ನು ಕರಗಿಸಲು ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳನ್ನು ಸಾಕಿಕೊಳ್ಳುವುದು ಲೋಕರೂಢಿ. ಪಾರ್ಹಯೇಲ್‌ನ ಜೀನೋಮನ್ನು 2016ರಲ್ಲಿ ಪೂರ್ತಿ ಓದಿದಾಗ ನಾರು ಕರಗಿಸುವ ಕಿಣ್ವಗಳ ಸೂತ್ರ ಅದರ ಸ್ವಂತ ವಂಶವಾಹಿಗಳಲ್ಲೇ ಇರುವುದು ಕಂಡಿತು. ಅಡುಗೆಗೆ ಹೊರಗಿನವರ ಹಂಗಿಲ್ಲ. ಜೀನೋಮಿನ ಗಾತ್ರವೂ ಸಣ್ಣದಲ್ಲ: 360 ಕೋಟಿ ಅಕ್ಷರ, ಮನುಷ್ಯನದಕ್ಕಿಂತ ತುಸು ಹೆಚ್ಚೇ. ಕ್ರೋಮೋಸೋಮು ನಮ್ಮಷ್ಟೇ, 23 ಜೊತೆ. ಇದರಿಂದ ಯಾವ ನೀತಿಯನ್ನೂ ಹಿಂಡಬೇಕಿಲ್ಲ. ಜೀನೋಮಿನ ಉದ್ದಕ್ಕೂ ದೊಡ್ಡಸ್ತಿಕೆಗೂ ಸಂಬಂಧವಿಲ್ಲವೆಂಬುದು ಹಳೆಯ ಸುದ್ದಿ.

ಈಗ ಆರನೆಯ ಜೊತೆ. ಡಾನಾನ ಕಣ್ಣು ಕೀಲಿಸಿದ್ದು ಇಂಥದರ ಮೇಲೆಯೇ. ಎದೆಯ ಮೊದಲ ಖಂಡ ಇಲ್ಲಿ ತಲೆಯೊಡನೆ ಬೆಸೆದುಹೋಗಿದೆ, ಅದರ ಕಾಲು ಬಾಯಿಯನ್ನು ಕೆಳಗಿನಿಂದ ಮುಚ್ಚುವ ಮುಚ್ಚಳವಾಗಿದೆ. ಇದನ್ನು ಬಾಯಿಗಾಲು ಎನ್ನೋಣ. ಹೊರಗಿನ ಅರ್ಧ ನೋಡಿದರೆ ನಾಲ್ಕು ಗೆಣ್ಣಿನ, ತುದಿಯಲ್ಲಿ ಉಗುರುಳ್ಳ ಕಾಲು. ಒಳಗಿನ ಅರ್ಧ ನೋಡಿದರೆ ಕೂದಲು ತುಂಬಿದ ಚಪ್ಪಟೆ ಫಲಕ, ಅಪ್ಪಟ ದವಡೆಯ ಜಾತಿ. ಎರಡೂ ಬುಡಗಳು ನಡುವೆ ಕೂಡಿಕೊಂಡಿವೆ. ಸೀಗಡಿಯಲ್ಲಿ ಇಂಥ ಬಾಯಿಗಾಲು ಮೂರು ಜೊತೆ, ನಡೆಯುವುದಕ್ಕೆ ಉಳಿಯುವುದು ಐದೇ. ಪಾರ್ಹಯೇಲ್ ಬಾಯಿಗೆ ಕೊಟ್ಟದ್ದು ಒಂದೇ ಜೊತೆ, ಉಳಿಸಿಕೊಂಡದ್ದು ಏಳು.

1997ರಲ್ಲಿ ಮಿಖಾಲಿಸ್ ಅವೆರಾಫ್ ಮತ್ತು ನಿಪಮ್ ಪಟೇಲ್ ಎಂಬಿಬ್ಬರು ಹಲವು ಕ್ರಸ್ಟೇಷಿಯನ್‌ಗಳ ಭ್ರೂಣಗಳಲ್ಲಿ ಯುಬಿಎಕ್ಸ್ ಎಂಬ ವಂಶವಾಹಿ ಎಲ್ಲಿಂದ ಕೆಲಸ ಶುರು ಮಾಡುತ್ತದೆಂದು ಹೋಲಿಸಿದರು. ಮೈಯ ಯಾವ ಖಂಡ ಏನಾಗಬೇಕೆಂದು ನಿರ್ಧರಿಸುವ ಹಾಕ್ಸ್ ಎಂಬ ಗುಂಪಿನ ವಂಶವಾಹಿ ಅದು. ಯುಬಿಎಕ್ಸ್ ತಲುಪದ ಖಂಡಗಳಲ್ಲಿ ಬಾಯಿಗಾಲು, ತಲುಪಿದ ಕಡೆ ನಡೆಗಾಲು. ಗಡಿ ಒಂದು ಖಂಡ ಹಿಂದೆ ಸರಿದರೆ ಬಾಯಿಗೆ ಇನ್ನೊಂದು ಜೊತೆ ಲಾಭ. ಡಾನಾ ಎಣಿಸಿದ್ದ ಲೆಕ್ಕಕ್ಕೆ ಒಳಗಿನ ಕಾರಣ ಸಿಕ್ಕಿದಂತಾಯಿತು. ಆದರೆ ಒಟ್ಟೊಟ್ಟಿಗೆ ಕಾಣಿಸುತ್ತವೆ ಎಂದಷ್ಟಕ್ಕೆ ಒಂದು ಇನ್ನೊಂದರ ಕಾರಣವಾಗದು. ಅದನ್ನು ಮಾಡಿ ತೋರಿಸಬೇಕಿತ್ತು, ಮಾಡಿ ತೋರಿಸಲು ಪ್ರಯೋಗಾಲಯದಲ್ಲಿ ಸಾಕಬಹುದಾದ ಒಂದು ಕ್ರಸ್ಟೇಷಿಯನ್ ಬೇಕಿತ್ತು.

ಅದು ಸಿಕ್ಕಿದ್ದು ಹವಾಯಿಯಲ್ಲೂ ಅಲ್ಲ, ಕಾಂಡ್ಲಾ ಕಾಡಿನಲ್ಲೂ ಅಲ್ಲ. ಸಮುದ್ರದಿಂದ ಬಹುದೂರದ ಷಿಕಾಗೋ ನಗರದಲ್ಲಿ, ಶೆಡ್ ಅಕ್ವೇರಿಯಮ್ಮಿನ ನೀರು ಸೋಸುವ ವ್ಯವಸ್ಥೆಯಲ್ಲಿ! ದೊಡ್ಡ ದೊಡ್ಡ ಮೀನುಗಳನ್ನು ನೋಡಲು ಜನ ಟಿಕೆಟ್ ಕೊಂಡು ಒಳಹೋಗುತ್ತಿದ್ದರೆ, ಇದು ಯಾರ ಗಮನಕ್ಕೂ ಬಾರದೆ ಫಿಲ್ಟರಿನ ಕಸ ತಿಂದು ಸಂತಾನ ಬೆಳೆಸಿಕೊಂಡಿತ್ತು. 1997ರಲ್ಲಿ ಅಲ್ಲಿಂದ ತಂದ ಗುಂಪಿನಿಂದಲೇ ಇಂದು ಲ್ಯಾಬುಗಳಲ್ಲಿರುವ ಸಂತತಿ ಬೆಳೆದದ್ದು. ಸಾಕುವುದು ಸುಲಭ, ಉಪ್ಪುನೀರು, ಸ್ವಲ್ಪ ಆಹಾರ, 26 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚಗಿನ ಕೋಣೆ ಸಾಕು.

ಪಾರ್ಹಯೇಲ್‌ನಲ್ಲಿ ಯುಬಿಎಕ್ಸ್‌ನ ಬಾಯಿ ಕಟ್ಟಿ ನೋಡಿದ ಫಲಿತಾಂಶ 2009ರಲ್ಲಿ ಬಂತು. ಎದೆಯ ಮುಂದಿನ ಕಾಲುಗಳು ಬಾಯಿಗಾಲಿನ ರೂಪ ತಳೆದವು. ಅದೇ ವರ್ಷ ಇನ್ನೊಂದು ಪ್ರಯೋಗದಲ್ಲಿ ಯುಬಿಎಕ್ಸನ್ನು ಅದರ ಗಡಿಯಿಂದಾಚೆ, ಮುಂದಿನ ಖಂಡಗಳಲ್ಲೂ ಚಾಲೂ ಮಾಡಿದಾಗ ಬಾಯಿಯ ಅಂಗಗಳು ಕಾಲಿನ ಕಡೆಗೆ ತಿರುಗಿದವು. ವಾದ ಎರಡೂ ಕಡೆಯಿಂದ ಗೆದ್ದಿತು.

ಬಾಯಿಗಾಲಿನ ಹಿಂದೆ ಎರಡು ಜೊತೆ ಇಕ್ಕಳಗಾಲು. ಏಡಿಯ ಕೊಂಬಿನಲ್ಲಿ ಎರಡು ಬೆರಳು ಎದುರುಬದುರು ಬರುತ್ತವೆ, ಇಲ್ಲಿ ಹಾಗಿಲ್ಲ. ಕಾಲಿನ ಕೊನೆಯ ಗೆಣ್ಣಾದ ಉಗುರು ಅದರ ಹಿಂದಿನ ಅಗಲ ಗೆಣ್ಣಿನ ಅಂಗೈಯ ಮೇಲೆ ಮಡಚಿಕೊಳ್ಳುತ್ತದೆ. ಹೆಣ್ಣಿನಲ್ಲಿ ಎರಡೂ ಜೊತೆ ಚಿಕ್ಕವು. ಗಂಡಿನಲ್ಲಿ ಎರಡನೆಯ ಜೊತೆ ಊದಿಕೊಂಡು, ದೂರದಿಂದಲೇ ಗುರುತು ಹೇಳುತ್ತದೆ. ಆದರೆ ಹೆಣ್ಣನ್ನು ಹಿಡಿಯುವ ನಾಜೂಕಿನ ಕೆಲಸ ಚಿಕ್ಕ ಜೊತೆಯದು. ಹೆಣ್ಣು ಪೊರೆ ಕಳಚಿದ ಕೂಡಲೇ, ಹೊಸ ಚಿಪ್ಪು ಇನ್ನೂ ಮೆತ್ತಗಿರುವ ಹೊತ್ತಿನಲ್ಲಿ ಮಾತ್ರ ಮಿಲನ ಸಾಧ್ಯ. ಹಾಗಾಗಿ ಗಂಡು ಮೊದಲೇ ಬಂದು ಅವಳ ಬೆನ್ನಚಿಪ್ಪನ್ನು ಹಿಡಿದು, ತನ್ನ ಹೊಟ್ಟೆಯಡಿ ಇಟ್ಟುಕೊಂಡು, ದಿನಗಟ್ಟಲೆ ಹೊತ್ತು ತಿರುಗುತ್ತದೆ. ಅವಳು ಅಲ್ಲೇ ತಿನ್ನುತ್ತಾಳೆ, ಅವನು ಅವಳನ್ನು ಹೊತ್ತೇ ಈಜುತ್ತಾನೆ. ಕೆಲಸ ಮುಗಿದ ಮೇಲೆ ಬಿಟ್ಟು ಹೋಗುತ್ತಾನೆ.

ಇಕ್ಕಳಗಾಲಿನ ಹಿಂದಿನ ಐದು ಜೊತೆಯನ್ನು ಪಕ್ಕದಿಂದ ನೋಡಿದರೆ ನಡುವೆ ಒಂದು ಕವಲು ಕಾಣುತ್ತದೆ. ಮೊದಲ ಎರಡು ಜೊತೆ ಮುಂದಕ್ಕೆ ಚಾಚಿವೆ. ಅವುಗಳ ಬೆನ್ನಿಗಿರುವ ಮೂರು ಜೊತೆ ಬುಡದಲ್ಲೇ ತಿರುಗಿ ಹಿಂದಕ್ಕೆ, ಮೇಲಕ್ಕೆ ಮಡಚಿವೆ. ಈ ಮೂರರ ತೊಡೆಯ ಭಾಗ ಅಗಲವಾಗಿ ಹಲಗೆಯಾಗಿದೆ. ಮುಂದಿನವು ಎಳೆಯುತ್ತವೆ, ಹಿಂದಿನವು ಒದೆಯುತ್ತವೆ. ಎಲೆಯ ಅಂಚನ್ನು ಎರಡೂ ಕಡೆಯಿಂದ ಬಿಗಿಯಾಗಿ ತಬ್ಬಲು ಆಗುವುದು ಇದರಿಂದಲೇ. ಆಂಫಿಪಾಡ್ ಗಣದ ಗುರುತೂ ಇದೇ.

ಪ್ರತಿ ಕಾಲಿಗೂ ಏಳು ಗೆಣ್ಣು. ಅತಿ ಬುಡದ ಗೆಣ್ಣು ಹೊರಮೈಗೆ ಒಂದು ಅಗಲ ಫಲಕವನ್ನು ಇಳಿಬಿಟ್ಟಿದೆ. ಮಂಗಳೂರು ಹಂಚಿನ ಮಾಡಿನಲ್ಲಿ ಒಂದು ಹಂಚಿನ ಅಂಚು ಪಕ್ಕದ್ದರ ಮೇಲೆ ಹೊದಿಯುವಂತೆ ಈ ಫಲಕಗಳು ಒಂದರ ಅಂಚಿಗೆ ಇನ್ನೊಂದು ಕೂತು, ಮೈಯ ಎರಡೂ ಪಕ್ಕದಲ್ಲಿ ಉದ್ದಕ್ಕೆ ಗೋಡೆ ಕಟ್ಟಿವೆ. ಎರಡು ಗೋಡೆಗಳ ನಡುವೆ ಹೊಟ್ಟೆಯ ಕೆಳಗೆ ಓಣಿಯೊಂದು ಉಂಟಾಗಿದೆ. ಪ್ರಾಣಿಯ ಉಸಿರು, ಸಂತಾನ ಎರಡೂ ಆ ಓಣಿಯಲ್ಲಿವೆ. ಕಾಲುಗಳ ಬುಡದ ಒಳಮೈಯಿಂದ ತೆಳು ಚೀಲಗಳಂತೆ ಜೋತಿರುವುವು ಕಿವಿರುಗಳು. ಹೊಟ್ಟೆಯಡಿಯ ಮೂರು ಜೊತೆ ಈಜುಗಾಲು ನೀರನ್ನು ಬಡಿಯುತ್ತಲೇ ಇರುವುದಕ್ಕೆ ಕಾರಣ ಇಲ್ಲಿದೆ: ಮುಂದಿನಿಂದ ಹೊಸ ನೀರು ಓಣಿಯೊಳಗೆ ಹರಿದು, ಕಿವಿರುಗಳನ್ನು ತೊಳೆದು ಹಿಂದಕ್ಕೆ ಹೋಗಬೇಕು. ನಿಂತರೆ ಉಸಿರು ಕಟ್ಟುತ್ತದೆ. ಬೆನ್ನಿನ ಚಿಪ್ಪಿನಡಿ ಕೊಳವೆಯಾಕಾರದ ಹೃದಯ ಮಿಡಿಯುವುದನ್ನು ಮರಿಗಳಲ್ಲಿ ಹೊರಗಿನಿಂದಲೇ ನೋಡಬಹುದು, ಚಿಪ್ಪು ಅಷ್ಟು ತಿಳಿ.

ಹೆಣ್ಣಿನಲ್ಲಿ ಅದೇ ಓಣಿ ತೊಟ್ಟಿಲು ಕೂಡ. ಬುಡದ ಗೆಣ್ಣುಗಳಿಂದ ಒಳಮುಖವಾಗಿ ಬೆಳೆದ ಫಲಕಗಳು, ಅಂಚಿನ ಕೂದಲುಗಳು ಹೆಣೆದುಕೊಂಡು, ಮೊಟ್ಟೆಚೀಲವಾಗುತ್ತವೆ. ಮೊಟ್ಟೆಗಳು ಅಲ್ಲಿಗೇ ಇಳಿದು ಅಲ್ಲೇ ಫಲಗೊಳ್ಳುತ್ತವೆ. ಒಂದೊಂದು ಮೊಟ್ಟೆಯೂ ಅರ್ಧ ಮಿಲಿಮೀಟರಿನಷ್ಟು, ಅಂಡಾಕಾರ. ಸುಮಾರು ಹತ್ತು ದಿನದಲ್ಲಿ ಮರಿ ಹೊರಬರುತ್ತದೆ. ಸೀಗಡಿಯ ಮರಿ ತಾಯಿಯ ಹೋಲಿಕೆಯೇ ಇಲ್ಲದ ಲಾರ್ವಾ ಆಗಿ ಕಡಲಿನಲ್ಲಿ ತೇಲಿಹೋಗುತ್ತದೆ. ಇದರ ಮರಿ ಹುಟ್ಟುವಾಗಲೇ 19 ಜೊತೆಯನ್ನೂ ಹೊತ್ತು, ತಾಯಿಯ ತದ್ರೂಪಾಗಿ ಬರುತ್ತದೆ.

ತಾಯಿಯನ್ನು ನೋಯಿಸದೆ ಚೀಲದಿಂದ ಮೊಟ್ಟೆ ತೆಗೆದು ಬರಿಯ ಕಡಲನೀರಿನಲ್ಲಿ ಬೆಳೆಸಬಹುದು. ಇದೇ ವಿಜ್ಞಾನಿಗಳಿಗೆ ವರವಾದದ್ದು. ಮೂರನೆಯ ಸಲ ಸೀಳಿ ಎಂಟು ಕೋಶವಾಗುವ ಹೊತ್ತಿಗೆ, ನಾಲ್ಕು ದೊಡ್ಡವು, ನಾಲ್ಕು ಚಿಕ್ಕವು. ಯಾವುದರಿಂದ ಯಾವ ಭಾಗ ಎಂಬುದು ಆಗಲೇ ಗೊತ್ತಾಗಿರುತ್ತದೆ. ಚಿಕ್ಕದೊಂದರ ಪಾಲಿಗೆ ಮುಂದಿನ ಪೀಳಿಗೆಯ ಬೀಜಕೋಶಗಳ ಹೊಣೆ ಬರುತ್ತದೆ, ಬೇರೇನೂ ಇಲ್ಲ. ಮುಂದೆ ಹೊಟ್ಟೆಯ ಬದಿಯ ಕೋಶಗಳು ಅಡ್ಡಡ್ಡ ಸಾಲುಗಳಾಗಿ, ಚೌಕುಳಿ ಹಾಳೆಯ ಶಿಸ್ತಿನಲ್ಲಿ ನಿಲ್ಲುತ್ತವೆ. ಆ ಸಾಲುಗಳಿಂದ ಖಂಡಗಳು, ಖಂಡಗಳಿಂದ ಮೊಗ್ಗುಗಳು, ಮೊಗ್ಗುಗಳಿಂದ ಕಾಲು. ಮೊಗ್ಗಾಗಿದ್ದಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ತರಹ. ಮೀಸೆಯೋ ಇಕ್ಕಳವೋ ಈಜುಗಾಲೋ ಎಂಬ ಭೇದ ಕಣ್ಣಿಗೆ ಬೀಳುವುದು ಆಮೇಲೆ.

ಕೊನೆಯ ಆರು ಜೊತೆಯ ಕಡೆಗೆ ಬರೋಣ. ಸೀಗಡಿ ಇಲ್ಲಿ ಐದನ್ನು ಈಜಲು ಬಿಟ್ಟು, ಒಂದನ್ನು ಬಾಲದ ಬೀಸಣಿಗೆಗೆ ಕೊಟ್ಟಿದೆ. ಪಾರ್ಹಯೇಲ್ ಮೂರು-ಮೂರು ಎಂದು ಸಮಪಾಲು ಮಾಡಿದೆ. ಈಜುಗಾಲು ಪ್ರತಿಯೊಂದೂ ಎರಡಾಗಿ ಕವಲೊಡೆದಿದೆ, ಕವಲಿನ ತುಂಬ ಗರಿಗೂದಲು. ಜೊತೆಯ ಎಡ ಬಲ ಕಾಲುಗಳು ಒಳಬದಿಯ ಪುಟ್ಟ ಕೊಕ್ಕೆಗಳಿಂದ ಒಂದಕ್ಕೊಂದು ಸಿಕ್ಕಿಕೊಂಡಿವೆ, ಹಾಗಾಗಿ ಬಡಿತ ತಪ್ಪುವುದಿಲ್ಲ. ಹಿಂದಿನ ಮೂರು ಜೊತೆ ಗಿಡ್ಡ, ಗಟ್ಟಿ, ಮುಳ್ಳು ತುಂಬಿದವು. ನೆಲಕ್ಕೆ ಊರಿ ಹಾರಲು ಇವೇ ಆಧಾರ. ಬಾಲದ ತುದಿಯಲ್ಲಿ ನಡುವೆ ಸೀಳಿದ ಸಣ್ಣ ಮುಚ್ಚಳ, ಅದರಡಿ ಗುದ.

ಕಟ್ಟಕಡೆಯ ಜೊತೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಬರಿಗಣ್ಣಿಗೆ ಅದು ಕಾಣುವುದೇ ಇಲ್ಲ. ಮಸೂರದ ಬಲ ಹೆಚ್ಚಿಸಿದರೆ ಒಂದು ಕವಲು ಕಾಣುತ್ತದೆ. ಇನ್ನೂ ಹೆಚ್ಚಿಸಿ, ಬೆಳಕು ಓರೆ ಮಾಡಿದರೆ, ಆ ಕವಲಿನ ಒಳಬದಿಯಲ್ಲಿ ಇನ್ನೊಂದು ಗುಬುಟು, ಎರಡನೆಯ ಕವಲಿನ ಅವಶೇಷ. ನೆರೆಯ ಹಯೇಲ್ ಕುಲದಲ್ಲಿ ಇದಿಲ್ಲ. ಇಂಥ ಗುಬುಟು ಇರುವವುಗಳನ್ನು ಬೇರ್ಪಡಿಸಿ 1897ರಲ್ಲಿ ಪಾರ್ಹಯೇಲ್ ಕುಲವನ್ನು ಸ್ಥಾಪಿಸಿದವನು ಇಂಗ್ಲೆಂಡಿನ ಥಾಮಸ್ ಸ್ಟೆಬಿಂಗ್. ಅವನು ಪಾದ್ರಿ, ಜೊತೆಗೆ ಡಾರ್ವಿನ್ ಪಕ್ಷಪಾತಿ. ಆ ಕಾರಣಕ್ಕೆ ಚರ್ಚಿನಲ್ಲಿ ಉಪದೇಶ ಮಾಡುವ ಅವಕಾಶ ಕಳೆದುಕೊಂಡವನು. ಉಪದೇಶ ತಪ್ಪಿದ್ದರಿಂದ ಆಂಫಿಪಾಡ್‌ಗಳಿಗೆ ಒಳ್ಳೆಯದೇ ಆಯಿತು. ಇಡೀ ಕುಲದ ಹೆಸರು ಒಂದು ಗುಬುಟಿನ ಮೇಲೆ ನಿಂತಿದೆ ಎಂದರೆ ನಗು ಬರಬಹುದು. ಆದರೆ ಇಂಥ ನೋಟ ಇಲ್ಲದಿದ್ದರೆ, ಫಿಲ್ಟರಿನಲ್ಲಿ ಸಿಕ್ಕಿದ್ದು ಯಾವುದೆಂದು ಹೇಳಲು ಷಿಕಾಗೋದವರಿಗೆ ದಾರಿಯೇ ಇರುತ್ತಿರಲಿಲ್ಲ.

ಕ್ರಿಸ್ಪರ್ ಎಂಬ ಜೀನ್ ಕತ್ತರಿ ಕೈಗೆ ಬಂದಮೇಲೆ, ಪಟೇಲ್ ಅವರ ತಂಡ ಪಾರ್ಹಯೇಲ್‌ನ ಬಾಯಿ ಮತ್ತು ಮುಂಡದಲ್ಲಿ ಕೆಲಸ ಮಾಡುವ ಆರು ಹಾಕ್ಸ್ ವಂಶವಾಹಿಗಳನ್ನು ಒಂದೊಂದಾಗಿ ಕೆಡಿಸಿ ನೋಡಿತು. 2016ರಲ್ಲಿ ಪ್ರಕಟವಾದ ಆ ಕೆಲಸದ ಚಿತ್ರಗಳನ್ನು ನೋಡಿದರೆ ಯಾರಿಗಾದರೂ ಅಬ್ಬಾ ಎನಿಸುತ್ತದೆ. ಆಂಟೆನಾಪೀಡಿಯಾ ಎಂಬುದು ಕೆಟ್ಟರೆ ಇಕ್ಕಳ ರೂಪುಗೊಳ್ಳುವುದಿಲ್ಲ. ಯುಬಿಎಕ್ಸ್ ಕೆಟ್ಟರೆ ಕಿವಿರು ಬೆಳೆಯುವುದಿಲ್ಲ. ಅಬ್ಡಾಮಿನಲ್-ಬಿ ಹೋದರೆ ಹೊಟ್ಟೆಯ ಉದ್ದಕ್ಕೂ ಎದೆಯ ನಡೆಗಾಲುಗಳು. ಅಬ್ಡಾಮಿನಲ್-ಎ ಹೋದರೆ ಹಿಂದಕ್ಕೆ ಮಡಚುವ ಮೂರು ಜೊತೆ ಮುಂದಕ್ಕೆ ಚಾಚುತ್ತವೆ, ಈಜುಗಾಲಿನ ಜಾಗದಲ್ಲಿ ಬಾಲದ ಗಿಡ್ಡಗಾಲು ಮೂಡುತ್ತದೆ. ತಲೆಯ ಕಡೆಯ ಎರಡು ವಂಶವಾಹಿಗಳು ಕೆಟ್ಟಾಗ ಬಾಯಿಯ ಜಾಗದಲ್ಲಿ ಕುಡಿಮೀಸೆ. ಗಮನಿಸಬೇಕಾದದ್ದು, ಅಳಿದುಳಿದ ವಿಕಾರ ಮುದ್ದೆಗಳು ಬರಲಿಲ್ಲ. ತಪ್ಪು ಜಾಗದಲ್ಲಿ ಬಂದದ್ದೂ ಗೆಣ್ಣು, ಉಗುರು, ಕೂದಲುಗಳೆಲ್ಲ ಇರುವ ಸಲಕ್ಷಣವಾದ ಅಂಗವೇ. ಎರಡು ಶತಮಾನದಿಂದ ಅಂಗರಚನೆಯವರು ಚಿತ್ರ ಬರೆದು, ಇದೂ ಕಾಲೇ, ಅದೂ ಕಾಲೇ ಎಂದು ವಾದಿಸುತ್ತಿದ್ದುದನ್ನು ಪ್ರಾಣಿ ತಾನೇ ಮಾಡಿ ತೋರಿಸಿತು. ಹಳೆಯ ಕಾಲದ ಗೆಣ್ಣು ಎಣಿಸುವ ವಿದ್ಯೆಯನ್ನು ಒಣ ಪಾಂಡಿತ್ಯವೆಂದು ತಳ್ಳಿಹಾಕುವವರಿಗೆ ನನ್ನ ಉತ್ತರ ಇದು: ಮೂಲ ಕಾಲು ಹೇಗಿತ್ತೆಂದು ಕೂದಲು ಕೂದಲಾಗಿ ಬರೆದಿಟ್ಟವರಿಲ್ಲದಿದ್ದರೆ, ಬದಲಾದದ್ದು ಏನೆಂದು ಗುರುತಿಸುವವರು ಯಾರು?

ಕಾಲಿನ ಬುಡದ ಫಲಕಗಳ ಆ ಹಂಚಿನ ಸಾಲಿಗೂ ಅನಿರೀಕ್ಷಿತ ಮಹತ್ವ ಬಂದಿದೆ. ಕೀಟಗಳು ಕ್ರಸ್ಟೇಷಿಯನ್ ಬಳಗದ ಒಳಗಿನಿಂದಲೇ ಕವಲೊಡೆದವು ಎಂಬುದು ಈಗ ಒಪ್ಪಿತ. ಕೀಟದ ಕಾಲಿಗೆ ಆರು ಗೆಣ್ಣು, ಪಾರ್ಹಯೇಲ್‌ಗೆ ಏಳು, ಅದಕ್ಕೂ ಬುಡದಲ್ಲಿ ಮೈಗೋಡೆಯಲ್ಲಿ ಲೀನವಾದ ಇನ್ನೊಂದು. ಮಿಕ್ಕ ಗೆಣ್ಣುಗಳು ಎಲ್ಲಿ ಹೋದವು? 2020ರಲ್ಲಿ ಹೆದರ್ ಬ್ರೂಸ್ ಮತ್ತು ಪಟೇಲ್ ಕಾಲಿನ ಗೆಣ್ಣು ರೂಪಿಸುವ ವಂಶವಾಹಿಗಳನ್ನು ಪಾರ್ಹಯೇಲ್‌ನಲ್ಲಿ ಕೆಡಿಸಿ, ಕೀಟಗಳೊಡನೆ ಹೋಲಿಸಿ ಕೊಟ್ಟ ಉತ್ತರ: ಕೀಟಗಳಲ್ಲಿ ಬುಡದ ಗೆಣ್ಣುಗಳು ಮೈಗೋಡೆಗೆ ಸೇರಿಹೋದವು, ಅವುಗಳ ಫಲಕ ಮೇಲಕ್ಕೆ ಸರಿದು ರೆಕ್ಕೆಯಾಯಿತು. ಅದೇ ವರ್ಷ ಇನ್ನೊಂದು ತಂಡ ಇದೇ ಪ್ರಾಣಿಯಲ್ಲಿ ನೋಡಿ, ಬೆನ್ನಿನ ಅಂಚು ಮತ್ತು ಕಾಲಿನ ಫಲಕ ಎರಡಕ್ಕೂ ರೆಕ್ಕೆಯ ಸಂಬಂಧವಿದೆ ಎಂದಿತು. ಚರ್ಚೆ ನಡೆದಿದೆ. ಯಾವ ಪಕ್ಷ ಗೆದ್ದರೂ, ಜಗಳದ ಜಾಗ ಮಾತ್ರ ಕಾಲಿನ ಬುಡ.

ಕಾಲು ಕಡಿದರೆ ಮತ್ತೆ ಬೆಳೆಯುತ್ತದೆ, ಬದುಕಿರುವಷ್ಟು ಕಾಲವೂ. ಫ್ರಾನ್ಸಿನ ಲಿಯಾನ್‌ನಲ್ಲಿರುವ ಅವೆರಾಫ್ ತಂಡ ಇದನ್ನು ನೇರವಾಗಿ ನೋಡಿದ ಬಗೆ ಚೆನ್ನಾಗಿದೆ. ಜೀವಂತ ಪ್ರಾಣಿಯ ಕಾಲನ್ನು ಶಸ್ತ್ರಚಿಕಿತ್ಸೆಯ ಗೋಂದಿನಿಂದ ಗಾಜಿಗೆ ಅಂಟಿಸಿ, ತಿಳಿಯಾದ ಚಿಪ್ಪಿನ ಮೂಲಕ ದಿನಗಟ್ಟಲೆ ಒಂದೊಂದು ಕೋಶವನ್ನೂ ಹಿಂಬಾಲಿಸಿದರು. ಗಾಯ ಮುಚ್ಚುತ್ತದೆ, ಒಳಗಿನ ಅಂಗಾಂಶ ಚಿಪ್ಪಿನಿಂದ ಹಿಂದೆ ಸರಿಯುತ್ತದೆ, ಹಳೆಯ ಮೋಟಿನ ಒಳಗೇ ಮಡಚಿಕೊಂಡು ಹೊಸ ಕಾಲು ತಯಾರಾಗುತ್ತದೆ. ಮುಂದಿನ ಸಲ ಪೊರೆ ಕಳಚಿದಾಗ ಹೊರಬರುತ್ತದೆ, ಗೆಣ್ಣಿನ ಲೆಕ್ಕ ತಪ್ಪದೆ.

ನಮ್ಮ ಕರಾವಳಿಯ ಓದುಗರಿಗೆ ಒಂದು ಮಾತು. ಇದರ ಬಂಧುಗಳನ್ನು ನೋಡಲು ಷಿಕಾಗೋವರೆಗೆ ಹೋಗಬೇಕಿಲ್ಲ. ಬೆಳಗಿನ ಹೊತ್ತು, ಉಬ್ಬರ ಬಿಟ್ಟುಹೋದ ಗೆರೆಯಲ್ಲಿ ಬಿದ್ದಿರುವ ಒದ್ದೆ ಪಾಚಿ, ಎಲೆಯ ರಾಶಿಯನ್ನು ಮೆಲ್ಲಗೆ ಎತ್ತಿ ನೋಡಿ. ಚಿಟಚಿಟನೆ ಹಾರುವವು ಸಿಕ್ಕಿದರೆ ಒಂದನ್ನು ತುಸು ನೀರಿನೊಡನೆ ಗಾಜಿನ ಲೋಟಕ್ಕೆ ಹಾಕಿ, ಕೈಮಸೂರ ಹಿಡಿಯಿರಿ. ಮೈ ಚಪ್ಪಟೆಯಾಗಿ ನೆಲಕ್ಕೆ ಒತ್ತಿದಂತಿದ್ದು ಏಳೂ ಜೊತೆ ಕಾಲು ಒಂದೇ ತರಹ ಇದ್ದರೆ ಅದು ಐಸೋಪಾಡ್, ಬಂಡೆಗಳ ಮೇಲೆ ಸರಸರ ಓಡುವವು ಅವೇ. ಮೈ ಪಕ್ಕದಿಂದ ತೆಳ್ಳಗಿದ್ದು, ಹಿಂದಿನ ಮೂರು ಜೊತೆ ಹಿಂದಕ್ಕೆ ಮಡಚಿದ್ದರೆ ಆಂಫಿಪಾಡ್. ಮಕ್ಕಳಿದ್ದರೆ ಅವರ ಕೈಗೆ ಮಸೂರ ಕೊಟ್ಟು ಎಣಿಸಲು ಹೇಳಿ. ನೋಡಿಯಾದ ಮೇಲೆ ಅದನ್ನು ಸಿಕ್ಕಿದಲ್ಲೇ ಬಿಟ್ಟು, ಪಾಚಿಯನ್ನು ಮೊದಲಿದ್ದ ಹಾಗೆ ಮುಚ್ಚಿಬಿಡಿ. ಬಿಸಿಲಿಗೆ ಬಿದ್ದರೆ ಅದರ ಕಿವಿರು ಬೇಗ ಒಣಗುತ್ತದೆ.